ಸಹಾಯ ಬೇಕು: ಥೆರಪಿಸ್ಟ್ ಬಳಿ ನೇರ ಸಲಹೆ ಕೇಳಬಹುದೇ?

ಎಲ್ಲರಿಗೂ ನಮಸ್ಕಾರ. ಕೆಲಸದ ಒತ್ತಡದಿಂದ ಆರಂಭವಾದ ಆತಂಕಕ್ಕಾಗಿ ಕೆಲವು ತಿಂಗಳುಗಳಿಂದ ವಿಡಿಯೋ ಕರೆಯ ಮೂಲಕ ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರ ನೆರವು ಪಡೆಯುತ್ತಿದ್ದೇನೆ. ಅವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರು ಎಂಬುದನ್ನು ಮೊದಲೇ ಖಚಿತಪಡಿಸಿಕೊಂಡಿದ್ದೆ. ಮನೋವಿಜ್ಞಾನಿ ಕಾರ್ಲ್ ರೋಜರ್ಸ್ ರೂಪಿಸಿದ ವ್ಯಕ್ತಿಕೇಂದ್ರಿತ ವಿಧಾನವನ್ನು ಅನುಸರಿಸುವ ಅವರು, ತಪ್ಪು-ಸರಿ ಎಂದು ಎಣಿಸದೆ ನನ್ನ ಮಾತನ್ನು ತಾಳ್ಮೆಯಿಂದ ಕೇಳುತ್ತಾರೆ (ಮನೆಯಲ್ಲಿ ಯಾರೂ ಹಾಗೆ ಕೇಳಿದ್ದಿಲ್ಲ). ಆದರೆ ರಾತ್ರಿ ನಿದ್ದೆ ಬಾರದೆ ಎದೆ ಹೊಡೆದುಕೊಳ್ಳುವಾಗ ಏನು ಮಾಡಬೇಕೆಂದು ವಿಚಾರಿಸಿದರೆ, "ನಿಮಗೆ ಏನನ್ನಿಸುತ್ತದೆ?" ಎಂದು ಪ್ರಶ್ನೆಯನ್ನು ನನಗೇ ಮರಳಿಸುತ್ತಾರೆ. ಉಸಿರಾಟದ ಅಭ್ಯಾಸವನ್ನೂ ಆಲೋಚನೆಗಳನ್ನು ಬರೆದಿಡುವುದನ್ನೂ ನಾನಾಗಿಯೇ ಪ್ರಯತ್ನಿಸಿದ್ದೇನೆ; ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಮಾಡಿದ ಕರೆ ಆ ರಾತ್ರಿಯ ಮಟ್ಟಿಗೆ ನೆರವಾಯಿತು. ಆಲೋಚನೆ ಹಾಗೂ ವರ್ತನೆಯನ್ನು ಬದಲಿಸಿಕೊಳ್ಳಲು ಕಲಿಸುವ ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ) ವಿಧಾನದಲ್ಲಿರುವಂತಹ ಅಭ್ಯಾಸಗಳನ್ನೂ ಸೇರಿಸಿಕೊಳ್ಳುವಂತೆ ಇವರನ್ನೇ ನೇರವಾಗಿ ಕೇಳುವುದು ಸರಿಯೇ, ಇಲ್ಲವೇ ಅದಕ್ಕಾಗಿ ಬೇರೊಬ್ಬರನ್ನು ಹುಡುಕಬೇಕೇ? ಅನುಭವವಿರುವವರು ದಯವಿಟ್ಟು ತಿಳಿಸಿ.