ಓದುಗರ ಸ್ಪಂದನ: ನಾಲ್ಕೂ ಉತ್ತರ ಸರಿಯೆನಿಸಿದಾಗ

ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಬಹುಕಾಲ ದುಡಿದು, ಈಗ ಟೋಗಾಫ್ (ಸಂಸ್ಥೆಯೊಂದರ ಕೆಲಸ, ಮಾಹಿತಿ, ತಂತ್ರಜ್ಞಾನಗಳ ಒಟ್ಟು ವಿನ್ಯಾಸವನ್ನು, ಅಂದರೆ ಆರ್ಕಿಟೆಕ್ಚರ್ ಅನ್ನು, ರೂಪಿಸುವ ಕ್ರಮವನ್ನು ವಿವರಿಸುವ ಗ್ರಂಥ) ಎಂಟರ್‌ಪ್ರೈಸ್ ಆರ್ಕಿಟೆಕ್ಚರ್ ಪ್ರಮಾಣಪತ್ರ ಪರೀಕ್ಷೆಗೆ ಓದುತ್ತಿರುವ ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ತಮ್ಮ ತೊಡಕನ್ನು ಹೇಳಿಕೊಂಡಿದ್ದರು. ಮೊದಲ ಭಾಗದ ಮಾದರಿ ಪ್ರಶ್ನೆಪತ್ರಿಕೆಗಳನ್ನು ಅವರು ಸಲೀಸಾಗಿ ಬಿಡಿಸುತ್ತಾರೆ. ಎರಡನೇ ಭಾಗದ ಸನ್ನಿವೇಶ ಪ್ರಶ್ನೆಗಳಿಗೆ ಬಂದರೆ ಮಾತ್ರ ನಾಲ್ಕೂ ಉತ್ತರಗಳು ಸರಿಯೆಂದೇ ತೋರುತ್ತವೆ. ಪುಸ್ತಕ ನೋಡಿಕೊಂಡು ಉತ್ತರಿಸುವ ಅವಕಾಶವಿದ್ದರೂ ಅದರಿಂದ ಪ್ರಯೋಜನ ಕಾಣುತ್ತಿಲ್ಲ. ಇಡೀ ಗ್ರಂಥವನ್ನು ಬಾಯಿಪಾಠ ಮಾಡಬೇಕೇ, ಇಷ್ಟು ವರ್ಷದ ಅನುಭವಕ್ಕೆ ಇಲ್ಲಿ ಬೆಲೆಯೇ ಇಲ್ಲವೇ ಎಂಬುದು ಅವರ ಪ್ರಶ್ನೆ. ಬಂದ ಉತ್ತರಗಳಲ್ಲಿ ಆಯ್ದ ಕೆಲವು ಇಲ್ಲಿವೆ.

ಸೊನ್ನೆಯನ್ನು ಮೊದಲು ಗುರುತಿಸಿ

ನಾಲ್ಕೂ ಉತ್ತರಗಳು ಸರಿಯೆಂದು ತೋರುವುದಕ್ಕೆ ನಿಮ್ಮ ಓದಿನ ಕೊರತೆ ಕಾರಣವಲ್ಲ; ಆ ಪ್ರಶ್ನೆಗಳನ್ನು ರೂಪಿಸುವ ಬಗೆಯೇ ಅಂಥದ್ದು. ಎರಡನೇ ಭಾಗದಲ್ಲಿ ಇರುವುದು 8 ಪ್ರಶ್ನೆಗಳು, ಸಮಯ 90 ನಿಮಿಷ. ನಾಲ್ಕು ಆಯ್ಕೆಗಳಲ್ಲಿ ಅತ್ಯುತ್ತಮವಾದುದಕ್ಕೆ 5 ಅಂಕ, ಅದರ ನಂತರದ್ದಕ್ಕೆ 3, ಮೂರನೆಯದಕ್ಕೆ 1, ಪೂರ್ತಿ ದಾರಿ ತಪ್ಪಿದ್ದಕ್ಕೆ ಸೊನ್ನೆ. ಒಟ್ಟು 40ರಲ್ಲಿ 24 ಅಂಕ ಬಂದರೆ ತೇರ್ಗಡೆ. ಈ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಹಾಕಿ ನೋಡಿ: ಎಂಟೂ ಪ್ರಶ್ನೆಗಳಲ್ಲಿ ಎರಡನೇ ದರ್ಜೆಯ ಉತ್ತರವನ್ನೇ ಆರಿಸಿದವರಿಗೂ ಸರಿಯಾಗಿ 24 ಅಂಕ ಬರುತ್ತದೆ. ಹಾಗಾಗಿ ಅತ್ಯುತ್ತಮ ಯಾವುದೆಂದು ತಲೆ ಕೆಡಿಸಿಕೊಳ್ಳುವ ಮೊದಲು ಸೊನ್ನೆಯ ಉತ್ತರವನ್ನೂ ಒಂದು ಅಂಕದ ಉತ್ತರವನ್ನೂ ಹೊಡೆದು ಹಾಕುವುದು ಜಾಣತನ.

ಅದನ್ನು ಮಾಡುವ ಬಗೆಯನ್ನು ಒಂದು ಕಲ್ಪಿತ ಸನ್ನಿವೇಶದ ಮೂಲಕ ಹೇಳುತ್ತೇನೆ. ಎರಡು ಸಂಸ್ಥೆಗಳು ವಿಲೀನಗೊಂಡಿವೆ. ಗ್ರಾಹಕರ ಮಾಹಿತಿ ಎರಡು ಬೇರೆ ಬೇರೆ ಅಪ್ಲಿಕೇಶನ್‌ಗಳಲ್ಲಿದೆ. ವಿಭಾಗದ ಮುಖ್ಯಸ್ಥರು ತಮ್ಮ ತಮ್ಮ ಪದ್ಧತಿಯನ್ನು ಬಿಟ್ಟುಕೊಡಲು ಸಿದ್ಧರಿಲ್ಲ. ಆರ್ಕಿಟೆಕ್ಚರ್ ಕೆಲಸಕ್ಕಾಗಿ ಸಲ್ಲಿಸಿದ ಕೋರಿಕೆ ಈಗಷ್ಟೇ ಅಂಗೀಕಾರವಾಗಿದೆ. ಮುಖ್ಯ ಆರ್ಕಿಟೆಕ್ಟ್ ಆಗಿ ಮುಂದೆ ಏನು ಮಾಡುತ್ತೀರಿ? ಅನುಭವಸ್ಥರ ಕೈ ತಾನಾಗಿಯೇ ಎರಡು ಅಪ್ಲಿಕೇಶನ್‌ಗಳನ್ನು ತುಲನೆ ಮಾಡಿ ಒಂದನ್ನು ಉಳಿಸಿಕೊಳ್ಳುವ ಉತ್ತರದತ್ತ ಹೋಗುತ್ತದೆ. ಕಚೇರಿಯಲ್ಲಿ ಅದು ತಪ್ಪಲ್ಲದಿರಬಹುದು, ಆದರೆ ಇಲ್ಲಿ ಅದು ಬಹುಮಟ್ಟಿಗೆ ಸೊನ್ನೆಯ ಉತ್ತರ. ಏಕೆಂದರೆ ಕೋರಿಕೆ ಈಗಷ್ಟೇ ಅಂಗೀಕಾರವಾಗಿದೆ ಎಂಬ ಒಂದು ವಾಕ್ಯ ನೀವು ಎಡಿಎಂನ (ಆರ್ಕಿಟೆಕ್ಚರ್ ರೂಪಿಸಲು ಆ ಗ್ರಂಥ ಹೇಳುವ, ಎ ಇಂದ ಎಚ್ ವರೆಗಿನ ಹಂತಗಳುಳ್ಳ ವಿಧಾನ) ಎ ಹಂತದಲ್ಲಿ, ಅಂದರೆ ಆರ್ಕಿಟೆಕ್ಚರ್ ವಿಷನ್‌ನಲ್ಲಿ, ನಿಂತಿದ್ದೀರಿ ಎಂದು ಹೇಳಿಬಿಟ್ಟಿದೆ. ಅಪ್ಲಿಕೇಶನ್‌ಗಳ ವಿಚಾರ ಸಿ ಹಂತದ್ದು, ಪರಿಹಾರಗಳ ಆಯ್ಕೆ ಇ ಹಂತದ್ದು. ನೇರವಾಗಿ, ಈಗಿನ ಮತ್ತು ಮುಂದಿನ ವ್ಯವಸ್ಥೆಗಳ ಅಂತರವನ್ನು ಗುರುತಿಸುವ ಗ್ಯಾಪ್ ಅನಾಲಿಸಿಸ್‌ಗೆ ಇಳಿಯುವ ಉತ್ತರ ಬಿ, ಸಿ, ಡಿ ಹಂತಗಳಿಗೆ ಸೇರಿದ್ದರಿಂದ ಅದೂ ಹೆಚ್ಚು ಅಂಕ ತರುವುದಿಲ್ಲ. ಉಳಿಯುವ ಎರಡು ಉತ್ತರಗಳೂ ಈ ಕೆಲಸದಲ್ಲಿ ಹಿತಾಸಕ್ತಿಯುಳ್ಳ ಸ್ಟೇಕ್‌ಹೋಲ್ಡರ್‌ಗಳನ್ನು ಗುರುತಿಸಿ ಅವರ ಆತಂಕಗಳನ್ನು ದಾಖಲಿಸುವ ಮಾತನ್ನೇ ಆಡುತ್ತವೆ ಎಂದುಕೊಳ್ಳೋಣ. ಅವುಗಳಲ್ಲಿ ಒಂದು ವಿಷನ್ ಸಿದ್ಧಪಡಿಸಿದಲ್ಲಿಗೆ ನಿಂತರೆ, ಇನ್ನೊಂದು ಕೆಲಸದ ವ್ಯಾಪ್ತಿಯನ್ನೂ ಯೋಜನೆಯನ್ನೂ ಹೇಳುವ ದಾಖಲೆಯಾದ ಸ್ಟೇಟ್‌ಮೆಂಟ್ ಆಫ್ ಆರ್ಕಿಟೆಕ್ಚರ್ ವರ್ಕ್ ತಯಾರಿಸಿ ಅದಕ್ಕೆ ಒಪ್ಪಿಗೆ ಪಡೆಯುವವರೆಗೂ ಹೋಗುತ್ತದೆ. 5 ಮತ್ತು 3 ಅಂಕಗಳ ನಡುವಿನ ವ್ಯತ್ಯಾಸ ಸಾಮಾನ್ಯವಾಗಿ ಇಷ್ಟು ಸಣ್ಣದು. ಸನ್ನಿವೇಶದ ಪುಟ ತುಂಬಿದ ವಿವರಣೆಯಲ್ಲಿ ಹಂತವನ್ನು ಸೂಚಿಸುವ ವಾಕ್ಯ ಒಂದೋ ಎರಡೋ ಇರುತ್ತವೆ. ಆಯ್ಕೆಗಳನ್ನು ಓದುವ ಮೊದಲೇ ಅವುಗಳನ್ನು ಹುಡುಕುವುದನ್ನು ರೂಢಿಸಿಕೊಳ್ಳಿ.

— ಸಹೋದ್ಯೋಗಿಗಳನ್ನು ಈ ಪರೀಕ್ಷೆಗೆ ಅಣಿಗೊಳಿಸುವ ಓದುಗರು

ಬಾಯಿಪಾಠವನ್ನು ತಳ್ಳಿಹಾಕಬೇಡಿ

ಅರ್ಥ ಮಾಡಿಕೊಂಡರೆ ಸಾಕು, ಕಂಠಪಾಠ ಬೇಡ ಎಂದು ಹೇಳುವವರು ತಮಗೆ ಅನೇಕರು ಸಿಕ್ಕಿರಬಹುದು. ನಾನು ಆ ಮಾತನ್ನು ಒಪ್ಪುವುದಿಲ್ಲ. ಎರಡನೇ ಭಾಗದಲ್ಲಿ ಗ್ರಂಥದ ಪ್ರತಿ ಪರದೆಯ ಮೇಲೆ ಲಭ್ಯವಿರುತ್ತದೆ, ನಿಜ. ಆದರೆ 90 ನಿಮಿಷವನ್ನು 8 ಪ್ರಶ್ನೆಗಳಿಗೆ ಹಂಚಿದರೆ ಒಂದಕ್ಕೆ ಸಿಗುವುದು ಹನ್ನೊಂದು ನಿಮಿಷ ಚಿಲ್ಲರೆ. ಸನ್ನಿವೇಶವನ್ನೂ ಉದ್ದನೆಯ ಆಯ್ಕೆಗಳನ್ನೂ ಓದಿ ಮುಗಿಸುವಷ್ಟರಲ್ಲಿ ಅದರಲ್ಲಿ ದೊಡ್ಡ ಪಾಲು ಕಳೆದಿರುತ್ತದೆ. ಯಾವ ವಿಷಯ ಎಲ್ಲಿದೆ ಎಂದು ಮೊದಲೇ ಬಲ್ಲವರಿಗೆ ಮಾತ್ರ ಆ ಪ್ರತಿ ಉಪಯೋಗಕ್ಕೆ ಬರುತ್ತದೆ. ಹುಡುಕಿ ಕಲಿಯುವವರಿಗೆ ಅದು ಕಾಲಹರಣ.

ಎಲ್ಲವನ್ನೂ ಉರುಹೊಡೆಯಬೇಕಿಲ್ಲ. ಪ್ರತಿ ಹಂತದಲ್ಲಿ ಹುಟ್ಟುವ ಮುಖ್ಯ ದಾಖಲೆಗಳು ಬಾಯಲ್ಲಿರಲಿ. ಆರ್ಕಿಟೆಕ್ಚರ್ ರೋಡ್‌ಮ್ಯಾಪ್‌ಗೆ ಬೇಕಾದ ಅಂಶಗಳು ಬಿ ಹಂತದಿಂದಲೇ ಕೂಡಿಬರುತ್ತವೆ, ಇ ಹಂತದಲ್ಲಿ ಅವು ಒಟ್ಟುಗೂಡಿ, ಗುರಿಯತ್ತ ಸಾಗುವಾಗಿನ ನಡುವಿನ ಸ್ಥಿತಿಗಳನ್ನು ಹೇಳುವ ಟ್ರಾನ್ಸಿಶನ್ ಆರ್ಕಿಟೆಕ್ಚರ್‌ಗಳು ರೂಪುಗೊಳ್ಳುತ್ತವೆ, ಎಫ್ ಹಂತದಲ್ಲಿ ಅನುಷ್ಠಾನ ಮತ್ತು ವಲಸೆಯ ಯೋಜನೆ ಅಂತಿಮಗೊಳ್ಳುತ್ತದೆ, ಜಿ ಹಂತದಲ್ಲಿ ಅನುಷ್ಠಾನದ ಮೇಲುಸ್ತುವಾರಿ ನಡೆಯುತ್ತದೆ. ಇದರ ಜೊತೆಗೆ, ಅನುಷ್ಠಾನವು ಆರ್ಕಿಟೆಕ್ಚರ್‌ಗೆ ಎಷ್ಟರಮಟ್ಟಿಗೆ ಹೊಂದುತ್ತದೆ ಎಂಬುದನ್ನು ಹೇಳುವ ಪದಗಳನ್ನು ಒಂದಕ್ಕೊಂದು ಬೆರೆಯದಂತೆ ಕಲಿಯಲೇಬೇಕು. ಎರಡು ವೃತ್ತಗಳನ್ನು ಬರೆದುಕೊಳ್ಳಿ: ಒಂದು ನಿರ್ದಿಷ್ಟಪಡಿಸಿದ್ದು (ನಿರ್ದೇಶನ), ಇನ್ನೊಂದು ಕಟ್ಟಿದ್ದು. ಕಟ್ಟಿದ್ದೆಲ್ಲವೂ ನಿರ್ದೇಶನದೊಳಗೇ ಇದ್ದು, ನಿರ್ದೇಶನದ ಕೆಲವು ಅಂಶಗಳು ಮಾತ್ರ ಬಾಕಿ ಉಳಿದಿದ್ದರೆ ಅದು ಕಂಪ್ಲಯಂಟ್. ನಿರ್ದೇಶನದ್ದೆಲ್ಲವೂ ಆಗಿ, ಅದರ ಮೇಲೆ ಹೆಚ್ಚಿನದೇನೋ ಸೇರಿದ್ದರೆ ಅದು ಕನ್ಫಾರ್ಮಂಟ್. ಎರಡೂ ವೃತ್ತಗಳು ಒಂದೇ ಆದರೆ ಫುಲ್ಲಿ ಕನ್ಫಾರ್ಮಂಟ್. ಭಾಗಶಃ ಬೆಸೆದುಕೊಂಡು ಎರಡೂ ಕಡೆ ಉಳಿಕೆಯಿದ್ದು, ಬೆಸೆದ ಭಾಗವು ನಿರ್ದೇಶನದಂತೆಯೇ ಇದ್ದರೆ ಕನ್ಸಿಸ್ಟೆಂಟ್. ನಿರ್ದೇಶನದ ಅಂಶವನ್ನೇ ಬೇರೆ ರೀತಿಯಲ್ಲಿ ಕಟ್ಟಿದ್ದರೆ ನಾನ್‌ಕನ್ಫಾರ್ಮಂಟ್. ಸಂಬಂಧವೇ ಇಲ್ಲದಿದ್ದರೆ ಇರ‍್ರೆಲವೆಂಟ್. ದಿನನಿತ್ಯದ ಮಾತಿನಲ್ಲಿ ನಾವು ಕಂಪ್ಲಯಂಟ್ ಎಂದರೆ ಎಲ್ಲವೂ ಸರಿಯಾಗಿದೆ ಎಂದೇ ತಿಳಿಯುತ್ತೇವೆ. ಇಲ್ಲಿ ಹಾಗೆ ತಿಳಿದರೆ ಅಂಕ ಕೈತಪ್ಪುತ್ತದೆ. ಇದನ್ನು ಅನುಭವದಿಂದ ಊಹಿಸಲು ಸಾಧ್ಯವೇ ಇಲ್ಲ, ಓದಿಯೇ ತಿಳಿಯಬೇಕು.

— ಎರಡೂ ಭಾಗಗಳಲ್ಲಿ ತೇರ್ಗಡೆಯಾಗಿರುವ ಓದುಗರು

ಯಾವ ಆವೃತ್ತಿಯನ್ನು ಓದುತ್ತಿದ್ದೀರಿ?

ತಮ್ಮ ಬಳಿಯಿರುವ ಮಾದರಿ ಪ್ರಶ್ನೆಗಳು ಯಾವ ಆವೃತ್ತಿಗೆ ಸೇರಿದವು ಎಂಬುದನ್ನು ತಾವು ಬರೆದಿಲ್ಲ. ಟೋಗಾಫ್ ಅನ್ನು ಪ್ರಕಟಿಸುವ ದಿ ಓಪನ್ ಗ್ರೂಪ್ ಸಂಸ್ಥೆಯು 2018ರ 9.2 ಆವೃತ್ತಿಯ ಬಳಿಕ 2022ರ ಏಪ್ರಿಲ್‌ನಲ್ಲಿ ಹತ್ತನೇ ಆವೃತ್ತಿಯನ್ನು ಹೊರತಂದಿತು. ಅದರಲ್ಲಿ ಮೂಲಭೂತ ವಿಷಯಗಳನ್ನು ಒಂದು ಕಡೆಗೂ, ಅವುಗಳನ್ನು ಬಳಸುವ ಬಗೆಯನ್ನು ವಿವರಿಸುವ ಸೀರೀಸ್ ಗೈಡ್‌ಗಳನ್ನು ಇನ್ನೊಂದು ಕಡೆಗೂ ಬೇರ್ಪಡಿಸಲಾಗಿದೆ. ಮೊದಲ ಭಾಗದ ತೇರ್ಗಡೆಗೆ ಹಿಂದೆ 40ಕ್ಕೆ 22 ಸಾಕಿತ್ತು, ಹೊಸದರಲ್ಲಿ 24 ಬೇಕು. ಹಳೆಯ ಪ್ರಶ್ನೆಗಳಲ್ಲಿ ಸಲೀಸಾಗಿ ಬಂದ ಅಂಕವನ್ನು ನೆಚ್ಚಿಕೊಳ್ಳುವ ಮುನ್ನ ಇದನ್ನು ಪರಿಶೀಲಿಸಿ.

— ಇದೇ ಪರೀಕ್ಷೆಗೆ ಓದುತ್ತಿರುವ ಓದುಗರು

ಅನುಭವ ಶತ್ರುವಲ್ಲ

ಅನುಭವಕ್ಕೆ ಬೆಲೆಯಿಲ್ಲವೇ ಎಂಬ ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ, ಆದರೆ ಅದು ಪೂರ್ತಿ ನ್ಯಾಯವಲ್ಲ ಎನ್ನಬೇಕಾಗಿದೆ. ಎಡಿಎಂ ಅನ್ನು ಎ ಇಂದ ಎಚ್ ವರೆಗೆ ಒಂದೇ ಸಾಲಿನಲ್ಲಿ ನಡೆಸಬೇಕೆಂದು ಆ ಗ್ರಂಥ ಎಲ್ಲಿಯೂ ಹಟ ಹಿಡಿಯುವುದಿಲ್ಲ. ಹಂತಗಳಿಗೆ ಹಿಂದಿರುಗುವುದನ್ನೂ, ಸಂಸ್ಥೆಯ ಅಗತ್ಯಕ್ಕೆ ತಕ್ಕಂತೆ ವಿಧಾನವನ್ನೇ ತಿದ್ದಿಕೊಳ್ಳುವುದನ್ನೂ ಅದು ಒಪ್ಪುತ್ತದೆ. ಆ ತಿದ್ದುಪಡಿಗೆ ಎ ಹಂತಕ್ಕೂ ಮೊದಲಿನ ಪ್ರಿಲಿಮಿನರಿ ಹಂತದಲ್ಲಿಯೇ ಜಾಗ ಕೊಟ್ಟಿದೆ. ಅವಶ್ಯಕತೆಗಳ ನಿರ್ವಹಣೆಯನ್ನು ಎಡಿಎಂನ ಚಿತ್ರದ ನಡುವೆ ಇಟ್ಟು ಎಲ್ಲ ಹಂತಗಳಿಗೂ ಜೋಡಿಸಿರುವುದೂ ಇದೇ ಕಾರಣಕ್ಕೆ. ತಿದ್ದಿಕೊಳ್ಳುವ ಮೊದಲು ಮೂಲ ಕ್ರಮ ನಿಮಗೆ ಗೊತ್ತಿದೆಯೇ ಎಂಬುದನ್ನಷ್ಟೇ ಪರೀಕ್ಷೆ ಕೇಳುತ್ತದೆ.

ನೀವು ಹಿಂದೆ ಮುಗಿಸಿದ ಯಾವುದಾದರೂ ಒಂದು ಪ್ರಾಜೆಕ್ಟನ್ನು ತೆಗೆದುಕೊಂಡು ಅದರ ಕಡತಗಳನ್ನು ಎಡಿಎಂನ ಹೆಸರುಗಳಲ್ಲಿ ವಿಂಗಡಿಸಿ ನೋಡಿ: ಪ್ರಾಯೋಜಕರು ಸಹಿ ಹಾಕಿದ ಮೊದಲ ಪತ್ರ ಯಾವ ಹಂತದ್ದು, ಹಳೆಯ ಮತ್ತು ಹೊಸ ವ್ಯವಸ್ಥೆಗಳ ವ್ಯತ್ಯಾಸವನ್ನು ತೋರಿಸಿದ ಕೋಷ್ಟಕ ಯಾವ ಹಂತದ್ದು, ಕೆಲಸ ನಡೆಯುತ್ತಿರುವಾಗ ಎದ್ದ ಬದಲಾವಣೆಯ ಬೇಡಿಕೆಯನ್ನು ಯಾರು ತೀರ್ಮಾನಿಸಬೇಕಿತ್ತು, ಆರ್ಕಿಟೆಕ್ಚರ್‌ನ ಮೇಲುಸ್ತುವಾರಿ ನೋಡುವ ಆರ್ಕಿಟೆಕ್ಚರ್ ಬೋರ್ಡ್ ಎಂಬುದು ಅಲ್ಲಿ ಇತ್ತೇ. ಇಲ್ಲದೇ ಹೋದ ದಾಖಲೆಗಳ ಪಟ್ಟಿಯೇ ನಿಮ್ಮ ಓದಿನ ಪಟ್ಟಿಯಾಗುತ್ತದೆ. ಕಚೇರಿಯಲ್ಲಿ ನೀವು ದಾಟಿ ಹೋದ ಹಂತಗಳಿಗೆ ಸೇರಿದ ಸರಿಯುತ್ತರಗಳೇ ಪ್ರಶ್ನೆಪತ್ರಿಕೆಯಲ್ಲಿ ನಿಮಗೆ ಅಪರಿಚಿತವಾಗಿ ಕಾಣುತ್ತಿರಬಹುದು.

ಇನ್ನೊಂದು ವಿಷಯ. ಎರಡೂ ಭಾಗಗಳನ್ನು ಒಟ್ಟಿಗೆ ಬರೆಯುವ ಸಂಯುಕ್ತ ಪರೀಕ್ಷೆಯೊಂದಿದೆ, ಅದನ್ನು ಆರಿಸುವಂತೆ ಹಲವರು ಹೇಳುತ್ತಾರೆ. ಮೊದಲ ಭಾಗಕ್ಕೆ ಈಗಾಗಲೇ ಸಿದ್ಧರಾಗಿರುವ ನೀವು ಅದನ್ನು ಬೇರೆಯಾಗಿ ಬರೆದು ಫೌಂಡೇಶನ್ ಪ್ರಮಾಣಪತ್ರವನ್ನು ಪಡೆದುಕೊಂಡು, ಎರಡನೇ ಭಾಗಕ್ಕೆ ಬೇಕಾದಷ್ಟು ಸಮಯ ತೆಗೆದುಕೊಳ್ಳುವುದೇ ಲೇಸು ಎಂಬುದು ನನ್ನ ಅಭಿಪ್ರಾಯ.

— ಆರ್ಕಿಟೆಕ್ಟ್ ಆಗಿ ದುಡಿಯುತ್ತಿರುವ ಓದುಗರು