‘ಹಿಂದಿಕ್ಕುವ ಬೋಟು’ ಅಂದರೆ ಯಾವ ಬೋಟು?

ಗೆಳೆಯರೆ,

ಮೀನುಗಾರಿಕೆ ಬೋಟಿನವರಿಗಾಗಿ ಒಂದು ಸಣ್ಣ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸಮುದ್ರದಲ್ಲಿ ಡಿಕ್ಕಿ ತಪ್ಪಿಸುವ 1972ರ ಅಂತರರಾಷ್ಟ್ರೀಯ ನಿಯಮಗಳಿವೆಯಲ್ಲ, ಅದರ 13ನೆಯದರಲ್ಲಿ, ಅಂದರೆ ಓವರ್‌ಟೇಕ್ ಮಾಡುವ ನಿಯಮದಲ್ಲಿ, ಸಿಕ್ಕಿಹಾಕಿಕೊಂಡಿದ್ದೇನೆ.

ಮೊದಲು ಬರೆದದ್ದು: ‘ಹಿಂದಿಕ್ಕುವ ಬೋಟು ದಾರಿ ಬಿಡಬೇಕು.’ ಮಲ್ಪೆಯಲ್ಲಿ ಪರಿಚಯದ ತಾಂಡೇಲರೊಬ್ಬರ (ಬೋಟು ನಡೆಸುವ ಮುಖ್ಯಸ್ಥರ) ಬೋಟಿನಲ್ಲಿ ಕೂತು ಇದನ್ನು ಓದಿದೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಬಲೆ ಮಡಚುತ್ತಲೇ, “ಹೌದು, ಹಾರ್ನ್ ಹಾಕಿದ್ರೆ ಎದುರಿದ್ದವ ಸೈಡ್ ಕೊಡ್ಬೇಕಲ್ಲ” ಅಂದ. ತಾಂಡೇಲರು ನಕ್ಕರು: “ಎದುರಿದ್ದವನಿಗೆ ಬೆನ್ನಲ್ಲಿ ಕಣ್ಣುಂಟಾ ಮಾರಾಯ?”

ಹುಡುಗನ ತಪ್ಪಲ್ಲ, ನನ್ನ ವಾಕ್ಯದ್ದು. ‘ದಾರಿ ಬಿಡು’ ಅಂದ ಕೂಡಲೆ ನಮಗೆ ನೆನಪಾಗುವುದು ಹೆದ್ದಾರಿ. ಅಲ್ಲಿ ಸೈಡ್ ಕೊಡುವವನು ಮುಂದಿನ ಲಾರಿಯವನು. ನೀರಿನಲ್ಲಿ ಸರಿಯಬೇಕಾದವನು ಹಿಂದಿನಿಂದ ಬಂದವನೇ, ಅದು ಹಾಯಿದೋಣಿಯಾದರೂ ಸರಿ. ಮುಂದಿರುವವನು ಇದ್ದ ದಿಕ್ಕು, ಇದ್ದ ವೇಗ ಬದಲಿಸದೆ ಹೋಗುತ್ತಿರಬೇಕು.

‘ಹಿಂದಿಕ್ಕುವ’ದ್ದು ಇನ್ನೊಂದು ತೊಡಕು. ‘ಓದುವ ಹುಡುಗ’, ‘ಓದುವ ಪುಸ್ತಕ’ ಎರಡನ್ನೂ ಕನ್ನಡ ಒಪ್ಪುತ್ತದೆ. ಹಾಗೆಯೇ ‘ಹಿಂದಿಕ್ಕುವ ಬೋಟು’ ನಮ್ಮನ್ನು ಹಿಂದಿಕ್ಕುವುದೂ ಆಗಬಹುದು, ನಾವು ಹಿಂದಿಕ್ಕುವುದೂ ಆಗಬಹುದು. ‘ಹಿಂದಿಕ್ಕಲ್ಪಡುವ’ ಅಂತ ಬರೆದರೆ ಗೊಂದಲ ಹೋಗುತ್ತದೆ, ಜೊತೆಗೆ ಓದುಗನೂ ಹೋಗುತ್ತಾನೆ.

‘ದಾಟು’ ಬಳಸೋಣವೆಂದರೆ ಅಡ್ಡ ಹಾಯುವುದಕ್ಕೂ ಅದೇ ಪದ, ಆ ಸಂದರ್ಭಕ್ಕೆ 15ನೆಯ ನಿಯಮ ಬೇರೆಯೇ ಇದೆ. ಓವರ್‌ಟೇಕ್ ಮಾಡುತ್ತಿರುವ ಬೋಟು ನಡುವೆ ಕೋನ ಬದಲಾಯಿತೆಂದು ತಾನು ಅಡ್ಡ ಹಾಯುತ್ತಿದ್ದೇನೆ ಎನ್ನುವಂತಿಲ್ಲ ಎಂಬುದೇ 13ರ ತಿರುಳು. ಎರಡಕ್ಕೂ ‘ದಾಟು’ ಹಾಕಿದರೆ ಆ ವಾಕ್ಯಕ್ಕೆ ಅರ್ಥವೇ ಇರುವುದಿಲ್ಲ.

‘ಹಿಂದಿನ ಬೋಟು, ಮುಂದಿನ ಬೋಟು’ ಚೆನ್ನಾಗಿತ್ತು. ಆದರೆ ಅರ್ಧ ದಾರಿಯಲ್ಲಿ ಹಿಂದಿನದು ಮುಂದಿನದಾಗಿಬಿಡುತ್ತದೆ, ಹೊಣೆ ಮಾತ್ರ ಅದರ ಮೇಲೇ ಉಳಿದಿರುತ್ತದೆ, ಪೂರ್ತಿ ಮುಂದೆ ಹೋಗಿ ದೂರವಾಗುವ ತನಕ.

ಸದ್ಯಕ್ಕೆ ‘ಹಿಂದಿನಿಂದ ಬಂದ ಬೋಟು’ ಎಂದಿಟ್ಟಿದ್ದೇನೆ. ‘ಬರು’ ಅಕರ್ಮಕ, ಆದ್ದರಿಂದ ಎರಡರ್ಥ ಇಲ್ಲ. ‘ಬಂದ’ ಎಂಬ ಭೂತಕಾಲ ಇನ್ನೂ ಒಂದು ಉಪಕಾರ ಮಾಡುತ್ತದೆ: ಆಮೇಲೆ ಎಲ್ಲಿಗೇ ಹೋಗಲಿ, ಅದು ಬಂದದ್ದು ಹಿಂದಿನಿಂದ. ‘ಹಿಂದಿನಿಂದ’ ಅಂದರೆ ಎಷ್ಟು ಹಿಂದೆ ಎಂಬುದಕ್ಕೂ ಲೆಕ್ಕವಿದೆ, ಇನ್ನೊಂದು ಬೋಟಿನ ನೇರ ಪಕ್ಕದಿಂದ 22.5 ಡಿಗ್ರಿಗಿಂತ ಹಿಂದೆ. ರಾತ್ರಿಯಾದರೆ ಅದರ ಹಿಂಬದಿಯ ಬಿಳಿ ದೀಪ ಮಾತ್ರ ಕಾಣಬೇಕು, ಪಕ್ಕದ ಕೆಂಪೂ ಹಸಿರೂ ಕಾಣಬಾರದು. ಅನುಮಾನವಿದ್ದರೆ ತಾನೇ ಹಿಂದಿನಿಂದ ಬಂದವನೆಂದು ತಿಳಿದುಕೊಳ್ಳಬೇಕು.

‘ದಾರಿ ಬಿಡು’ ಬದಲಿಗೆ ತಾಂಡೇಲರು ಹೇಳಿದ್ದು ‘ಬಳಸಿ ಹೋಗು’. ನನಗೆ ಹಿಡಿಸಿತು.

ಉಳಿದದ್ದು ಹಾರ್ನಿನ ಸಂಕೇತ. ಇಕ್ಕಟ್ಟಾದ ದಾರಿಯಲ್ಲಿ ಮುಂದಿರುವವನು ಸರಿದು ಜಾಗ ಮಾಡಿಕೊಡದೆ ಹೋಗಲಾಗದಿದ್ದರೆ, ಅವನ ಬಲಗಡೆಯಿಂದ ಹೋಗುವವನು ಎರಡು ಉದ್ದ, ಒಂದು ಗಿಡ್ಡ ಊದಬೇಕು. ಎಡಗಡೆಯಾದರೆ ಎರಡು ಉದ್ದ, ಎರಡು ಗಿಡ್ಡ. ಒಪ್ಪಿಗೆಗೆ ಉದ್ದ, ಗಿಡ್ಡ, ಉದ್ದ, ಗಿಡ್ಡ. ಈ ಒಂದೊಂದು ಊದಿಗೆ ಏನೆನ್ನುವುದು? ‘ಸೀಟಿ’ ಅಂದರೆ ಬಾಯಿಯದು, ‘ಕೂಗು’ ಅಂದರೆ ರೈಲಿನದು. ಹೊನ್ನಾವರ, ತದಡಿ, ಕಾರವಾರದ ಕಡೆಯವರು ದೋಣಿಯಲ್ಲಿ ಏನನ್ನುತ್ತೀರಿ?