"ಬಚ್ಚಲಲ್ಲಿ ಜಾರಿಬಿದ್ದೆ" ಅಂದವರನ್ನು ಏನಂತ ಕೇಳೋದು?

ಪ್ರಶ್ನೆ (ನರ್ಸಿಂಗ್ ಆಫೀಸರ್, ತಾಲ್ಲೂಕು ಆಸ್ಪತ್ರೆ):
ಮೇಡಂ, ಮೊನ್ನೆ ನೈಟ್ ಡ್ಯೂಟಿಯಲ್ಲಿ ಒಬ್ಬರು ಬಂದಿದ್ದರು. ಹುಬ್ಬಿನ ಮೇಲೆ ಸೀಳು, ನಾಲ್ಕು ಹೊಲಿಗೆ ಬಿತ್ತು. ಬಚ್ಚಲಲ್ಲಿ ಜಾರಿಬಿದ್ದಳು ಅಂತ ಗಂಡನೇ ಹೇಳಿದ, ಅವರು ತಲೆ ಆಡಿಸಿದರು ಅಷ್ಟೇ. ಮುಂಗೈ ಮೇಲೆ ಹಳೇ ಹಸಿರುಗಟ್ಟಿದ ಕಲೆ ಇತ್ತು. ನಾನು ಏನೂ ಕೇಳಲಿಲ್ಲ, ಟಿಟಿ (ಧನುರ್ವಾಯು ತಡೆಯೋ ಇಂಜೆಕ್ಷನ್) ಕೊಟ್ಟು ಕಳಿಸಿಬಿಟ್ಟೆ. ಅವತ್ತಿಂದ ಸರಿಯಾಗಿ ನಿದ್ದೆ ಇಲ್ಲ. ಗಂಡ ಪಕ್ಕದಲ್ಲೇ ನಿಂತಿದ್ದರೆ ಹೇಗೆ ಕೇಳೋದು? ಹೌದು ಅಂದರೆ ಮುಂದೇನು?

ಉತ್ತರ (ಕ್ಯಾಶುಯಲ್ಟಿ ವೈದ್ಯೆ):
ಸಿಸ್ಟರ್, ನೀವು ನೋಡಿದ ಕಲೆ ಸಣ್ಣದಲ್ಲ. ಜಾರಿ ಬಿದ್ದವರಿಗೆ ಅಂಗೈ, ಮೊಣಕೈ, ಮೊಣಕಾಲು, ಸೊಂಟಕ್ಕೆ ಪೆಟ್ಟಾಗೋದು ಜಾಸ್ತಿ. ಹೊಡೆತ ತಡೆಯೋಕೆ ಕೈ ಅಡ್ಡ ಹಿಡಿದವರಿಗೆ ಮುಂಗೈಯ ಕಿರುಬೆರಳಿನ ಕಡೆ ಅಂಚಿಗೆ ಬೀಳುತ್ತದೆ. ಗಾಯ ಹೊಸದು, ಕಲೆ ಹಳೇದು ಅಂದರೆ ಕೇಳಲೇಬೇಕು.

ಆದರೆ ಗಂಡನ ಮುಂದೆ ಕೇಳಬೇಡಿ. ಅತ್ತೆಯ ಮುಂದೆ, ಮಾತು ಬರುವ ಮಗುವಿನ ಮುಂದೆ ಕೂಡ ಬೇಡ. "ಯೂರಿನ್ ಟೆಸ್ಟ್ ಇದೆ, ಬನ್ನಿ" ಅಂತ ಒಳಗೆ ಕರೆದುಕೊಂಡು ಹೋಗಿ, ಗಂಡನನ್ನು ಚೀಟಿ ಮಾಡಿಸೋಕೆ ಕಳಿಸಿ. ಎರಡು ನಿಮಿಷ ಸಾಕು. "ಇಂಥ ಗಾಯ ನೋಡಿದಾಗ ಎಲ್ಲರನ್ನೂ ಕೇಳ್ತೀವಿ ಅಮ್ಮಾ, ಮನೇಲಿ ಯಾರಾದ್ರೂ ಹೊಡೆದ್ರಾ?" ಅಂತ ನೇರವಾಗಿ ಕೇಳಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಮದುವೆಯಾದ ಹೆಂಗಸರಲ್ಲಿ ಶೇ 44ರಷ್ಟು ಜನ ಗಂಡನ ಹಿಂಸೆ ಅನುಭವಿಸಿದ್ದೇವೆ ಅಂದಿದ್ದಾರೆ, ಹಾಗಿರುವಾಗ ಕೇಳೋಕೆ ನಮಗ್ಯಾಕೆ ಸಂಕೋಚ?

ಇಲ್ಲ ಅಂದರೆ ಒತ್ತಾಯ ಬೇಡ. ಹೌದು ಅಂದರೆ "ನೀವ್ಯಾಕೆ ಸುಮ್ನಿದ್ರಿ" ಅಂತ ಮಾತ್ರ ಕೇಳಬೇಡಿ. ಕುತ್ತಿಗೆ ಹಿಸುಕಿದ್ದಾನಾ ಅಂತ ಕೇಳಿ. ಹೊರಗೆ ಗುರುತೇ ಇಲ್ಲದಿರಬಹುದು, ಆದರೆ ದನಿ ಒಡೆದಿದ್ದರೆ, ನುಂಗೋಕೆ ನೋವಿದ್ದರೆ, ಕಣ್ಣಲ್ಲಿ ಕೆಂಪು ಚುಕ್ಕೆ ಇದ್ದರೆ ಡಾಕ್ಟರನ್ನು ತಕ್ಷಣ ಕರೆಯಿರಿ, ಮನೆಗೆ ಕಳಿಸಬೇಡಿ.

ಅವರು ಹೇಳಿದ ಮಾತನ್ನು ಹಾಗೇ ಬರೆಯಿರಿ, ಯಾರು, ಯಾವುದರಿಂದ, ಯಾವಾಗ ಅಂತ. 2005ರ ಕೌಟುಂಬಿಕ ಹಿಂಸೆ ಕಾಯ್ದೆ ಪ್ರಕಾರ ಆಸ್ಪತ್ರೆ ಚಿಕಿತ್ಸೆ ನಿರಾಕರಿಸುವಂತಿಲ್ಲ, ವೈದ್ಯಕೀಯ ವರದಿಯ ಪ್ರತಿ ಅವರಿಗೆ ಉಚಿತವಾಗಿ ಸಿಗಬೇಕು.

ಪ್ರಶ್ನೆ:
ಅವರು "ಪೊಲೀಸ್ ಗೀಲೀಸ್ ಬೇಡ ಸಿಸ್ಟರ್" ಅಂದರೆ?

ಉತ್ತರ:
ಎಂಎಲ್‌ಸಿ, ಅಂದರೆ ಮೆಡಿಕೋ ಲೀಗಲ್ ಕೇಸ್ ಅಂತ ದಾಖಲು ಮಾಡಿದರೆ ಠಾಣೆಗೆ ಮಾಹಿತಿ ಹೋಗುತ್ತದೆ. ಅದನ್ನು ಮುಚ್ಚಿಡದೆ ಮೊದಲೇ ಹೇಳಿ. ಪೊಲೀಸರ ದಾರಿ ಒಂದೇ ಅಲ್ಲ, ಇದೇ ಕಾಯ್ದೆಯಡಿ ನೆರವಿಗೆ ಅಂತ ನೇಮಿಸಿದ ಸಂರಕ್ಷಣಾಧಿಕಾರಿ ಇದ್ದಾರೆ, ಹಿಂಸೆಗೊಳಗಾದ ಹೆಂಗಸರಿಗೆ ನೆರವಾಗುವ ಸರ್ಕಾರದ ಸಖಿ ಕೇಂದ್ರ ಇದೆ. ಸಹಾಯವಾಣಿ ನಂಬರನ್ನು ಚೀಟಿಯಲ್ಲಿ ಬರೆದು ಕೊಡಬೇಡಿ, ಮನೆಯಲ್ಲಿ ಸಿಕ್ಕಿದರೆ ಅದಕ್ಕೂ ಏಟು ಬೀಳುತ್ತದೆ. "ಒಂದು ಎಂಟು ಒಂದು" ಅಂತ ಬಾಯಿಪಾಠ ಮಾಡಿಸಿ. "ಇವತ್ತು ರಾತ್ರಿ ಮನೆಗೆ ಹೋಗೋಕೆ ಭಯ ಇದೆಯಾ?" ಅಂತ ಕೇಳಿ, ಇದ್ದರೆ ಅಡ್ಮಿಟ್ ಮಾಡೋಕೆ ಡಾಕ್ಟರಿಗೆ ಹೇಳಿ.

ಅಂದಹಾಗೆ, ಹುಬ್ಬಿನ ಹೊಲಿಗೆ ಅಂದರೆ ಐದನೇ ದಿನಕ್ಕೆ ಬಿಚ್ಚಬೇಕು ಅಲ್ವಾ? ಅವರು ಮತ್ತೆ ಬರುತ್ತಾರೆ. ಅವತ್ತಿನ ಡ್ಯೂಟಿ ನೀವೇ ಹಾಕಿಸಿಕೊಳ್ಳಿ.